ರೈತರ ಮನೆಯಲ್ಲಿ ಮಕ್ಕಳ ಅಪಘಾತ: ತಡೆಗಟ್ಟುವ ಬಗೆ



ಹೊಲಕ್ಕೆ ದನ ನುಗ್ಗೀತೆಂದು ನೀವು ಬೇಲಿ ಕಟ್ಟುತ್ತೀರಿ. "ಆ ಕಡೆ ಹೋಗಬೇಡ" ಎಂದು ದನಕ್ಕೆ ಬುದ್ಧಿ ಹೇಳಿ ಮನೆಗೆ ಬರುವ ರೈತ ಯಾವ ಊರಿನಲ್ಲಿಯೂ ಇಲ್ಲ. ಆದರೆ ಹಿತ್ತಲಿನಲ್ಲಿ ನೀರಿನ ತೊಟ್ಟಿ ತೆರೆದಿರುವಾಗ ಎರಡು ವರ್ಷದ ಕೂಸಿಗೆ "ಆ ಕಡೆ ಹೋಗಬೇಡ ಕಂದಾ" ಎಂದು ಹೇಳಿ ನಾವು ಕೆಲಸಕ್ಕೆ ಹೊರಡುತ್ತೇವೆ. ಕೂಸು ತಲೆಯಾಡಿಸುತ್ತದೆ. ಅದನ್ನು ಒಪ್ಪಿಗೆಯೆಂದು ತಿಳಿಯುತ್ತೇವೆ. ಅನಾಹುತವಾದ ಮೇಲೆ "ಎಷ್ಟು ಸಲ ಹೇಳಿದ್ದೆ" ಎನ್ನುತ್ತೇವೆ, ಇಲ್ಲವೇ "ಹಣೆಬರಹ" ಎನ್ನುತ್ತೇವೆ.

ಮಕ್ಕಳಿಗಾಗುವ ಅಪಘಾತಗಳು ಹಣೆಬರಹವಲ್ಲ. ಬೆಳೆಗೆ ಬರುವ ರೋಗದಂತೆ ಇವಕ್ಕೂ ಕಾರಣಗಳಿವೆ, ಇಂತಹದೇ ಕಾಲವೆಂಬುದಿದೆ, ತಡೆಗಟ್ಟುವ ಕ್ರಮಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಗ ಜಗತ್ತಿನಲ್ಲಿ ದಿನವೊಂದಕ್ಕೆ 2,000ಕ್ಕೂ ಹೆಚ್ಚು ಮಕ್ಕಳು ಆಕಸ್ಮಿಕ ಗಾಯಗಳಿಂದ ಸಾಯುತ್ತಿದ್ದರು. ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವುದು, ಸುಟ್ಟ ಗಾಯ, ಬೀಳುವುದು, ವಿಷ ಸೇವನೆ ಇವೇ ಮುಖ್ಯ ಕಾರಣಗಳು. ಆಗಲೇ ತಿಳಿದಿದ್ದ ಕ್ರಮಗಳನ್ನು ಎಲ್ಲೆಡೆ ಅನುಸರಿಸಿದ್ದರೆ ದಿನಕ್ಕೆ ಕಡೇಪಕ್ಷ 1,000 ಮಕ್ಕಳನ್ನು ಉಳಿಸಬಹುದಿತ್ತೆಂದು ಆ ವರದಿ ತಿಳಿಸಿತು.

ರೈತರ ಮಕ್ಕಳಿಗೆ ಈ ಅಪಾಯ ತುಸು ಹೆಚ್ಚು. ಕಾರ್ಖಾನೆಯ ಕಾರ್ಮಿಕನ ಮಗು ಕಾರ್ಖಾನೆಯೊಳಗೆ ಆಡುವುದಿಲ್ಲ. ರೈತನ ಮಗು ಮಾತ್ರ ತಂದೆತಾಯಿ ದುಡಿಯುವ ಜಾಗದಲ್ಲೇ ಬೆಳೆಯುತ್ತದೆ. ಬಾವಿ, ಪಂಪ್‌ಸೆಟ್, ಕೊಟ್ಟಿಗೆ, ಕಣ, ಟ್ರ್ಯಾಕ್ಟರು, ಔಷಧಿಯ ಡಬ್ಬಿ ಎಲ್ಲವೂ ಅದರ ಆಟದಂಗಳದಲ್ಲಿಯೇ ಇರುತ್ತವೆ.

ಯಾವ ವಯಸ್ಸಿಗೆ ಯಾವ ಅಪಾಯ?

ಒಂದು ವರ್ಷದೊಳಗಿನ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಒಂದರಿಂದ ನಾಲ್ಕು ವರ್ಷದ ಮಗುವಿಗೆ ಕಾಲು ಬಂದಿರುತ್ತದೆ, ತಿಳಿವಳಿಕೆ ಬಂದಿರುವುದಿಲ್ಲ. ಈ ವಯಸ್ಸಿನಲ್ಲಿ ದೇಹದ ಅಳತೆಗೆ ತಲೆ ಹೆಚ್ಚು ಭಾರ. ಬಕೆಟ್ಟಿನೊಳಗೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಮಾತು ಅರ್ಥವಾಗುತ್ತದೆ, ಆದರೆ ಆಟದ ಭರದಲ್ಲಿ ಮರೆಯುತ್ತಾರೆ. ಬರುವ ವಾಹನದ ವೇಗವನ್ನು ಅಂದಾಜು ಮಾಡಲಾರರು. ಹತ್ತು ವರ್ಷ ದಾಟಿದವರು ದೊಡ್ಡವರ ಕೆಲಸಕ್ಕೆ ಕೈಹಾಕುತ್ತಾರೆ, ಗೆಳೆಯರ ಜೊತೆ ಈಜಲು ಹೋಗುತ್ತಾರೆ.

ಇದರಿಂದ ತಿಳಿಯುವುದೇನು? ಐದು ವರ್ಷದೊಳಗಿನ ಮಗುವಿಗೆ ಬುದ್ಧಿ ಹೇಳಿ ಅಪಘಾತ ತಪ್ಪಿಸಲಾಗದು. ಅಲ್ಲಿ ಕಲಿಯಬೇಕಾದವರು ಹಿರಿಯರು. ಸರಿಪಡಿಸಬೇಕಾದದ್ದು ಮಗು ಓಡಾಡುವ ಜಾಗ. ಮೊದಲು ಬೇಲಿ, ಆಮೇಲೆ ಬುದ್ಧಿಮಾತು. ಮನೆಮಂದಿಗೆ ಕೊಡುವ ಸುರಕ್ಷತಾ ಶಿಕ್ಷಣದ ಸಾರವೆಲ್ಲ ಇಷ್ಟೇ.

ನೀರು: ಸದ್ದಿಲ್ಲದ ಅಪಾಯ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಐದು ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೂಗುವುದಿಲ್ಲ. ಬಾಯಿಗೆ ನೀರು ಹೊಕ್ಕ ಮೇಲೆ ಕೂಗಲು ಉಸಿರೇ ಇರುವುದಿಲ್ಲ. ಆದ್ದರಿಂದ "ಏನಾದರೂ ಆದರೆ ಕೂಗಿಕೊಂಡೀತು" ಎಂಬ ಭರವಸೆ ಬೇಡ.

ಚಿಕ್ಕ ಮಗುವಿಗೆ ಆಳವಾದ ಬಾವಿಯೇ ಬೇಕಿಲ್ಲ. ಗೇಣುದ್ದ ನೀರಿರುವ ಬಕೆಟ್ಟು, ಬಚ್ಚಲಿನ ತೊಟ್ಟಿ, ದನಕ್ಕೆ ಕಲಗಚ್ಚು ಹಾಕುವ ಬಾನಿ, ಮುಚ್ಚಳ ಸರಿಸಿಟ್ಟ ಸಂಪು, ಗೋಬರ್ ಗ್ಯಾಸಿನ ಬಗ್ಗಡದ ಗುಂಡಿ ಇವಿಷ್ಟೇ ಸಾಕು. ಬಳಕೆ ಮುಗಿದೊಡನೆ ಬಕೆಟ್ಟನ್ನು ಬೋರಲು ಹಾಕಿರಿ. ಇದಕ್ಕೆ ಕಾಸೂ ಖರ್ಚಿಲ್ಲ. ಸಂಪಿನ ಮುಚ್ಚಳ ಮಗು ಎತ್ತಲಾಗದಷ್ಟು ಭಾರವಿರಲಿ ಅಥವಾ ಅದಕ್ಕೆ ಬೀಗವಿರಲಿ. ಬಗ್ಗಡದ ಗುಂಡಿಯ ಮೇಲೆ ಒಣಗಿದ ಕೆನೆ ಕಟ್ಟಿ ನೆಲದಂತೆಯೇ ಕಾಣುವುದರಿಂದ ಅದಕ್ಕೆ ಸುತ್ತಲೂ ಬೇಲಿ ಬೇಕೇಬೇಕು.

ಸೇದುವ ಬಾವಿಗೆ ಎದೆಮಟ್ಟದ ಕಟ್ಟೆಯನ್ನೂ ಮೇಲೆ ಕಬ್ಬಿಣದ ಜಾಲರಿಯನ್ನೂ ಹಾಕಿಸಿರಿ. ಕಟ್ಟೆಗೆ ಒತ್ತಿ ಕಲ್ಲು, ಪೆಟ್ಟಿಗೆ ಮುಂತಾದ ಹತ್ತಲು ಅನುಕೂಲವಾಗುವ ವಸ್ತುಗಳನ್ನು ಇಡಬೇಡಿರಿ.

ಕೃಷಿ ಹೊಂಡದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ನಮ್ಮ ಮಳೆಯಾಶ್ರಿತ ಪ್ರದೇಶಗಳಲ್ಲಿ ಹೊಂಡಗಳ ಸಂಖ್ಯೆ ಬಹಳ ಹೆಚ್ಚಿದೆ. ನೀರು ಇಂಗದಂತೆ ಹಾಸಿದ ಪಾಲಿಥೀನ್ ಹಾಳೆಯೇ ಇಲ್ಲಿ ಅಪಾಯದ ಮೂಲ. ನೀರು ಮತ್ತು ಪಾಚಿ ಸೇರಿ ಹಾಳೆ ಜಾರುತ್ತದೆ. ಇಳಿಜಾರಿನಲ್ಲಿ ಕಾಲೂರಲು ಎಡೆಯಿಲ್ಲ, ಹಿಡಿಯಲು ಏನೂ ಇಲ್ಲ. ಈಜು ಬಲ್ಲ ದೊಡ್ಡವರು ಕೂಡ ಮೇಲೆ ಬರಲಾರದೆ ಸೋಲುತ್ತಾರೆ. ಬಿದ್ದ ಮಗುವನ್ನು ಉಳಿಸಲು ಹಿಂದೆಯೇ ಇಳಿದವರೂ ಮುಳುಗುವುದು ಇದರಿಂದಲೇ. ಪ್ರತಿ ಹೊಂಡಕ್ಕೆ ಮೂರು ಏರ್ಪಾಡು ಮಾಡಿರಿ. (1) ಸುತ್ತಲೂ ತಂತಿ ಬೇಲಿ ಮತ್ತು ಮುಚ್ಚಿಡುವ ಗೇಟು. (2) ದಡದ ಗೂಟಕ್ಕೆ ಕಟ್ಟಿ, ಗಂಟು ಹಾಕಿ, ನೀರಿನವರೆಗೆ ಇಳಿಬಿಟ್ಟ ದಪ್ಪ ಹಗ್ಗ. ಎರಡು ಬದಿಗಾದರೂ ಇರಲಿ. (3) ಹಗ್ಗ ಕಟ್ಟಿದ ಹಳೆಯ ಟ್ಯೂಬು ಅಥವಾ ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಕ್ಯಾನು, ಎಸೆಯಲು ಸಿದ್ಧವಾಗಿ. ಕೃಷಿ ಭಾಗ್ಯ ಯೋಜನೆಯಲ್ಲಿ ತಂತಿ ಬೇಲಿಯನ್ನೂ ಒಂದು ಘಟಕವಾಗಿ ಸೇರಿಸಲಾಗಿದೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಬತ್ತಿದ ಕೊಳವೆ ಬಾವಿ

2014ರ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ, 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ತೆರೆದ ಕೊಳವೆ ಬಾವಿಗೆ ಬಿದ್ದು ಸತ್ತರು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದೊಳಗಿನ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯಿಂದ ಜೀವಂತವಾಗಿ ಮೇಲಕ್ಕೆ ತಂದರು. ಹೀಗೆ ಉಳಿದ ಮಕ್ಕಳು ಕಡಿಮೆ.

ಕೊಳವೆ ಬಾವಿ ತೆರೆದೇ ಉಳಿಯಲು ಎರಡು ಕಾರಣಗಳಿವೆ. ನೀರು ಬೀಳದಿದ್ದಾಗ ಕೇಸಿಂಗ್ ಪೈಪನ್ನು ಕಿತ್ತು ಇನ್ನೊಂದು ಕಡೆ ಬಳಸುತ್ತೇವೆ. ನೆಲದಲ್ಲಿ ಬರಿಯ ತೂತು ಉಳಿಯುತ್ತದೆ. ಇಲ್ಲವೇ "ಒಳ್ಳೆಯ ಮಳೆಯಾದರೆ ನೀರು ಬಂದೀತು" ಎಂಬ ಆಸೆಯಿಂದ ಮುಚ್ಚದೆ, ಗೋಣಿಚೀಲವನ್ನೋ ಮುಳ್ಳನ್ನೋ ಹಾಕಿ ಬಿಡುತ್ತೇವೆ. ಮಳೆ ಬಿಸಿಲಿಗೆ ಗೋಣಿ ಕೊಳೆಯುತ್ತದೆ, ಸುತ್ತಲೂ ಹುಲ್ಲು ಬೆಳೆದು ತೂತು ಕಾಣದಾಗುತ್ತದೆ.

ಸುಪ್ರೀಂ ಕೋರ್ಟು 2010ರಲ್ಲಿ ಈ ಬಗ್ಗೆ ಸ್ಪಷ್ಟ ಸೂಚನೆ ನೀಡಿದೆ. ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವಾಗ ಸುತ್ತಲೂ ಬೇಲಿ ಹಾಕಬೇಕು. ಕೇಸಿಂಗಿನ ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಬೇಕು ಅಥವಾ ನಟ್ಟು-ಬೋಲ್ಟಿನ ಗಟ್ಟಿ ಮುಚ್ಚಳ ಹಾಕಬೇಕು. ಪಂಪು ರಿಪೇರಿಗೆ ತೆಗೆದಾಗಲೂ ತೆರೆದು ಬಿಡಬಾರದು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ನಮ್ಮ ರಾಜ್ಯದ ಅಂತರ್ಜಲ ಕಾಯ್ದೆಗೂ 2024ರಲ್ಲಿ ತಿದ್ದುಪಡಿ ತಂದು, ಮುಚ್ಚದೆ ಬಿಟ್ಟವರಿಗೆ ಶಿಕ್ಷೆ ವಿಧಿಸಲು ಅವಕಾಶ ಮಾಡಲಾಗಿದೆ. ನೀರಿನ ಆಸೆ ಇದ್ದರೆ ಬೋಲ್ಟಿನ ಮುಚ್ಚಳ ಹಾಕಿರಿ, ಬೇಕಾದಾಗ ತೆಗೆಯಬಹುದು. ಕೊರೆಯುವ ಲಾರಿ ನಿಮ್ಮ ಹೊಲ ಬಿಡುವ ಮೊದಲೇ ಮುಚ್ಚಳ ಬೀಳಲಿ. ನಾಳೆಗೆ ಬಿಟ್ಟ ಕೆಲಸ ವರ್ಷಕ್ಕೆ ಹೋಗುತ್ತದೆ.

ಪೀಡೆನಾಶಕ ಮತ್ತು ಇತರ ವಿಷಗಳು

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದುದು ಪರೀಕ್ಷೆಯಲ್ಲಿ ಕಂಡುಬಂತು. ಹೊಲಕ್ಕೆ ಹೊಡೆಯುವ ಔಷಧಿಯು ತಿನ್ನುವ ವಸ್ತುವಿನ ಸಮೀಪಕ್ಕೆ ಬಂದರೆ ಏನಾದೀತೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಔಷಧಿಯನ್ನು ಯಾವ ಕಾರಣಕ್ಕೂ ತಂಪು ಪಾನೀಯದ ಬಾಟಲಿ, ಮದ್ಯದ ಬಾಟಲಿ, ಟೀ ಲೋಟಗಳಿಗೆ ಬಗ್ಗಿಸಬೇಡಿರಿ. "ಪಕ್ಕದವರಿಗೆ ಸ್ವಲ್ಪ ಬೇಕಂತೆ" ಎಂದು ಬಾಟಲಿಗೆ ಹಾಕಿಕೊಟ್ಟ ಔಷಧಿಯನ್ನು ಮಗು ಶರಬತ್ತೆಂದೇ ತಿಳಿಯುತ್ತದೆ. ಮೂಲ ಡಬ್ಬಿಯಲ್ಲಿಯೇ, ಚೀಟಿ ಕೀಳದಂತೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿರಿ. ಅಡುಗೆ ಮನೆ, ದವಸದ ಕೋಣೆ ಮತ್ತು ಮಲಗುವ ಕೋಣೆ ಇದಕ್ಕೆ ಸ್ಥಳವಲ್ಲ. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಮನೆಮಂದಿಗೆಲ್ಲ ತೋರಿಸಿರಿ. ಕೆಂಪು ಅತ್ಯಂತ ವಿಷಕಾರಿ, ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯವೆಂದು ತಿಳಿಯಬಾರದು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ದ್ರಾವಣಕ್ಕೇ ಸೇರಿಸಿ, ಡಬ್ಬಿಗೆ ತೂತು ಹೊಡೆಯಿರಿ. ಸಿಂಪಡಿಸಿ ಬಂದವರು ಕೈಕಾಲು ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು.

ಎಲೆ ಅಡಿಕೆ, ತಂಬಾಕಿಗೆ ಬಳಸುವ ಸುಣ್ಣದ ಪೊಟ್ಟಣ ಮತ್ತು ಟ್ಯೂಬುಗಳನ್ನು ಯಾರೂ ವಿಷವೆಂದು ಭಾವಿಸುವುದಿಲ್ಲ. ಮಗು ಅದನ್ನು ಹಿಸುಕಿದಾಗ ಸುಣ್ಣ ಚಿಮ್ಮಿ ಕಣ್ಣಿಗೆ ಬೀಳುತ್ತದೆ, ಕಣ್ಣೇ ಹೋಗಬಹುದು. ಅಜ್ಜ-ಅಜ್ಜಿಯರ ಎಲೆಯಡಿಕೆ ಚೀಲವು ಮಗುವಿನ ಕೈಗೆಟುಕದ ಗೂಟದಲ್ಲಿರಲಿ.

ಬೆಂಕಿ ಮತ್ತು ಬಿಸಿನೀರು

ಚಿಕ್ಕ ಮಕ್ಕಳನ್ನು ಸುಡುವುದು ಬೆಂಕಿಯೊಂದೇ ಅಲ್ಲ. ಬಿಸಿನೀರು, ಸಾರು, ಚಹಾ ಕೂಡ. ಸ್ನಾನದ ನೀರು ಬೆರೆಸುವಾಗ ಮೊದಲು ತಣ್ಣೀರು ಹಾಕಿ, ಆಮೇಲೆ ಹಂಡೆಯ ಬಿಸಿನೀರು ಹಾಕಿರಿ. ಈ ಕ್ರಮ ಅಭ್ಯಾಸವಾದರೆ, ಮಗು ನಡುವೆ ಬಂದು ಬಕೆಟ್ಟಿಗೆ ಕೈಹಾಕಿದರೂ ಸುಡುವುದಿಲ್ಲ. ನೆಲದ ಮೇಲಿನ ಒಲೆಯ ಸುತ್ತ ಮೊಣಕಾಲೆತ್ತರದ ಮಣ್ಣಿನ ಅಡ್ಡಗೋಡೆ ಕಟ್ಟಿರಿ. ಪಾತ್ರೆಯ ಹಿಡಿಕೆ ಒಳಮುಖವಾಗಿರಲಿ. ಮದುವೆ, ಜಾತ್ರೆ, ಪರುವಿನ ದಿನ ಕೆಳಗಿಳಿಸಿದ ಸಾರಿನ ಕೊಪ್ಪರಿಗೆಯ ಬಳಿ ಒಬ್ಬರನ್ನು ನಿಲ್ಲಿಸಿರಿ.

ಯಂತ್ರ ಮತ್ತು ವಿದ್ಯುತ್ತು

ಮೇವು ಕತ್ತರಿಸುವ ಯಂತ್ರವು ಕೆಲಸ ಮಾಡುವಾಗಿನಷ್ಟೇ ಸುಮ್ಮನೆ ನಿಂತಾಗಲೂ ಅಪಾಯಕಾರಿ. ದಿಲ್ಲಿಯ ಐ.ಐ.ಟಿ. ಸಂಶೋಧಕರು ಉತ್ತರ ಭಾರತದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದಾಗ, ಯಾರೂ ಇಲ್ಲದ ವೇಳೆಯಲ್ಲಿ ಚಕ್ರ ತಿರುಗಿಸಿ ಆಡುವ ಮಕ್ಕಳೂ ಗಾಯಗೊಳ್ಳುವುದು ತಿಳಿದುಬಂತು. ಅವರು ಸೂಚಿಸಿದ ಪರಿಹಾರ ಸರಳ: ಚಕ್ರಕ್ಕೆ ಬೀಗ, ಅಲಗಿಗೆ ಕವಚ, ಕೈ ಒಳಸರಿಯುವ ಮೊದಲೇ ಎಚ್ಚರಿಸುವ ಉರುಳೆ. ಬೀಗವನ್ನು ನಿಮ್ಮೂರಿನ ಕಮ್ಮಾರರೇ ಮಾಡಿಕೊಡಬಲ್ಲರು.

ಟ್ರ್ಯಾಕ್ಟರಿನಲ್ಲಿ ಒಂದೇ ಆಸನ, ಒಬ್ಬನೇ ಸವಾರ. ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡ ಮಗು ಒಂದು ಗುಂಡಿಗೆ ಚಕ್ರ ಇಳಿದರೆ ಕೆಳಗೆ ಬೀಳುತ್ತದೆ. ಹಿಂದೆ ರೊಟವೇಟರು ಇರುತ್ತದೆ. ಮುದ್ದಿಗೆ ಕೂರಿಸಿಕೊಂಡರೂ ಅಪಾಯ ಕಡಿಮೆಯಾಗದು. ಹಿಂದಕ್ಕೆ ತೆಗೆಯುವ ಮೊದಲು ಕೆಳಗಿಳಿದು ಸುತ್ತ ಒಂದು ಸಲ ನೋಡಿರಿ. ಕೂಸನ್ನು ಮಲಗಿಸುವ ಜೋಲಿ ಟ್ರ್ಯಾಕ್ಟರು ತಿರುಗುವ ಕಡೆ ಇರಬಾರದು. ನಿಲ್ಲಿಸಿದ ಮೇಲೆ ಬೀಗದಕೈ ನಿಮ್ಮ ಜೇಬಿನಲ್ಲಿರಲಿ.

ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿ, ಸರಿಯಾದ ಅರ್ಥಿಂಗ್ ಮಾಡಿಸಿರಿ. ನೆಲದ ಮೇಲೆ ಎಳೆದ ತೇಪೆ ಹಾಕಿದ ವೈರು, ವಿದ್ಯುತ್ ಕಂಬಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ತಂತಿ ಕೂಡದು. ಹಂದಿಯ ಕಾಟಕ್ಕೆಂದು ಬೇಲಿಗೆ ನೇರ ವಿದ್ಯುತ್ತು ಹರಿಸುವುದು ಕಾನೂನಿಗೆ ವಿರುದ್ಧ. ಅದು ಹಂದಿಯೆಂದೂ ಮಗುವೆಂದೂ ನೋಡುವುದಿಲ್ಲ.

ಇನ್ನೂ ಎರಡು ಮಾತು. ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಿಸಿರಿ, ಅಟ್ಟದ ಏಣಿಯನ್ನು ಬಳಸಿದ ಮೇಲೆ ತೆಗೆದಿಡಿರಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಕಡಲೆ ಕೊಡಬೇಡಿರಿ. ಹುಣಸೆ ಬೀಜ, ಅಡಿಕೆ ಹೋಳು ಅವರ ಕೈಗೆ ಸಿಗದಿರಲಿ. ಅವು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ.

ಮಗು ಈಗ ಯಾರ ವಶದಲ್ಲಿದೆ?

ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಅಧ್ಯಯನಗಳಿಂದ ಒಂದು ಮುಖ್ಯ ಸಂಗತಿ ತಿಳಿಯಿತು. ಅಲ್ಲಿ ಚಿಕ್ಕ ಮಕ್ಕಳು ಹೆಚ್ಚಾಗಿ ಮುಳುಗುತ್ತಿದ್ದುದು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರೊಳಗೆ, ತಾಯಂದಿರು ಮನೆಗೆಲಸದಲ್ಲಿ ಮುಳುಗಿರುವಾಗ. ಆ ವೇಳೆಯಲ್ಲಿ ಮಕ್ಕಳನ್ನು ಹಳ್ಳಿಯ ಶಿಶುಪಾಲನಾ ಕೇಂದ್ರದಲ್ಲಿ ಬಿಟ್ಟಾಗ ಮುಳುಗುವ ಅಪಾಯ ಶೇ. 80ಕ್ಕಿಂತ ಹೆಚ್ಚು ಕಡಿಮೆಯಾಯಿತು. ನಮ್ಮಲ್ಲಿ ಅಂಗನವಾಡಿಗಳಿವೆ. ಉದ್ಯೋಗ ಯೋಜನೆಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023-24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಆರಂಭವಾದವು. ಬಿತ್ತನೆ ಮತ್ತು ಕೊಯ್ಲಿನ ದಿನಗಳಲ್ಲಂತೂ ಮಗುವನ್ನು ಅಂಗನವಾಡಿಗೆ ತಪ್ಪದೆ ಕಳಿಸಿರಿ. ಕೂಸಿನ ಮನೆ ನಿಮ್ಮ ಪಂಚಾಯಿತಿಯಲ್ಲಿದೆಯೇ ಎಂದು ವಿಚಾರಿಸಿರಿ.

ಮನೆಯಲ್ಲಿ ಜನ ಹೆಚ್ಚಿದ್ದಾಗ ಅಪಾಯ ಕಡಿಮೆಯೆಂದು ತಿಳಿಯಬೇಡಿರಿ. ಅಜ್ಜಿ ನೋಡಿಕೊಂಡಾರೆಂದು ತಾಯಿ, ತಾಯಿ ಇದ್ದಾಳಲ್ಲಾ ಎಂದು ಅಜ್ಜಿ, ಹೀಗೆ ಯಾರೂ ನೋಡದ ಹೊತ್ತೊಂದು ಬರುತ್ತದೆ. ಆದ್ದರಿಂದ ಬೀಗದಕೈ ಒಪ್ಪಿಸುವಂತೆ ಮಗುವನ್ನೂ ಬಾಯಿಬಿಟ್ಟು ಒಪ್ಪಿಸಿರಿ. "ಅತ್ತೆಮ್ಮಾ, ನಾನು ಹಾಲು ಕರೆಯಲು ಹೋಗುತ್ತೇನೆ, ಕೂಸು ನಿಮ್ಮ ಹತ್ತಿರ" ಎಂದರೆ, "ಹೂಂ, ನಾನು ನೋಡ್ಕೋತೀನಿ ಹೋಗಮ್ಮ" ಎಂಬ ಉತ್ತರ ಬಂದ ಮೇಲೆಯೇ ಹೋಗಬೇಕು. ಈ ಕೆಲಸ ಹೆಂಗಸರದೊಂದೇ ಅಲ್ಲ. ಬಾವಿಯ ಕಟ್ಟೆ, ಹೊಂಡದ ಬೇಲಿ, ಔಷಧಿಯ ಬೀಗ ಇವೆಲ್ಲ ಗಂಡಸರ ಕೈಯಲ್ಲಿರುವ ಕೆಲಸಗಳು. ಎಂಟು ವರ್ಷದ ಅಕ್ಕನ ಸೊಂಟಕ್ಕೆ ಕೂಸನ್ನು ಕೊಟ್ಟು ಬಾವಿಯಿರುವ ತೋಟದಲ್ಲಿ ಬಿಡುವುದು ಇಬ್ಬರು ಮಕ್ಕಳನ್ನೂ ಅಪಾಯಕ್ಕೆ ಒಡ್ಡಿದಂತೆ.

ದೊಡ್ಡ ಮಕ್ಕಳಿಗೆ ಕಲಿಸಬೇಕಾದದ್ದು

ಆರು ವರ್ಷ ದಾಟಿದ ಮಕ್ಕಳಿಗೆ "ಹೋಗಬೇಡ" ಎನ್ನುವುದಕ್ಕಿಂತ "ಏಕೆ" ಎಂಬುದನ್ನು ಜಾಗಕ್ಕೇ ಕರೆದೊಯ್ದು ತೋರಿಸಿರಿ. ಹಿರಿಯರ ಕಣ್ಣೆದುರು, ಆಳವಿಲ್ಲದ ನೀರಿನಲ್ಲಿ ಈಜು ಕಲಿಸಿರಿ. ಬೇಸಿಗೆ ರಜೆಗೆ ಮೊದಲೇ ಕಲಿಸಿದರೆ ಒಳ್ಳೆಯದು. ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರದೆ, ಕೂಗಿ ಜನ ಸೇರಿಸಿ, ಹಗ್ಗ, ಕೋಲು, ಸೀರೆ ಏನಾದರೂ ಎಸೆಯಬೇಕೆಂದು ಮನದಟ್ಟು ಮಾಡಿರಿ. ನೀವು ಹೇಳಿದ್ದನ್ನು ಮಕ್ಕಳು ಮರೆತಾರು; ಮಾಡಿದ್ದನ್ನು ಮರೆಯರು. ತಂದೆ ಬರಿಗೈಯಲ್ಲಿ ಔಷಧಿ ಕಲಸಿದರೆ ಮಗನೂ ನಾಳೆ ಹಾಗೆಯೇ ಕಲಸುತ್ತಾನೆ.

ಅಪಘಾತವಾದಾಗ ತಕ್ಷಣ ಮಾಡಬೇಕಾದದ್ದು

• ಮುಳುಗಿದ ಮಗು: ತಲೆಕೆಳಗಾಗಿ ಹಿಡಿದು ತಿರುಗಿಸಬೇಡಿರಿ, ಹೊಟ್ಟೆ ಒತ್ತಬೇಡಿರಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿರಿ. ನಂತರ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಊದುವುದು, ಹೀಗೆ ಮುಂದುವರಿಸಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಮೊದಲೇ ಕಲಿತಿರಿ.
• ಸುಟ್ಟ ಗಾಯ: 20 ನಿಮಿಷ ತಣ್ಣನೆಯ ನೀರು ಹರಿಸಿರಿ. ಮಸಿ, ಟೂತ್‌ಪೇಸ್ಟು, ತುಪ್ಪ ಹಚ್ಚಬೇಡಿರಿ.
• ವಿಷ, ಸೀಮೆಎಣ್ಣೆ ಕುಡಿದಾಗ: ವಾಂತಿ ಮಾಡಿಸಬೇಡಿರಿ. ಡಬ್ಬಿಯನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ.
• ಕಣ್ಣಿಗೆ ಸುಣ್ಣ: ಅಲ್ಲಿಯೇ, ಆ ಕ್ಷಣವೇ ನೀರಿನಿಂದ ಬಹಳ ಹೊತ್ತು ತೊಳೆಯಿರಿ, ಆಮೇಲೆ ಆಸ್ಪತ್ರೆ.
• ವಿದ್ಯುತ್ ಆಘಾತ: ಮೊದಲು ಮೇನ್ ಸ್ವಿಚ್ ಆರಿಸಿರಿ, ಅದಕ್ಕೂ ಮುನ್ನ ಮಗುವನ್ನು ಮುಟ್ಟಬೇಡಿರಿ.
• ಯಾವುದೇ ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿರಿ. ಈ ಸಂಖ್ಯೆ ಗೋಡೆಯ ಮೇಲೆ ಬರೆದಿರಲಿ.

ಅಮಾವಾಸ್ಯೆಯ ಒಂದು ಸುತ್ತು

ನಮ್ಮ ಹಲವು ಊರುಗಳಲ್ಲಿ ಅಮಾವಾಸ್ಯೆಯ ದಿನ ಬೇಸಾಯಕ್ಕೆ ಬಿಡುವು. ಅಂದು ಮನೆಮಂದಿಯೆಲ್ಲ ಸೇರಿ ಅರ್ಧ ಗಂಟೆ ಮನೆ, ಹಿತ್ತಲು, ಕೊಟ್ಟಿಗೆ, ಹೊಲ ಸುತ್ತಿ ಬನ್ನಿರಿ. ಅಲ್ಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮಗುವಿನ ಎತ್ತರದಿಂದ ನೋಡಿರಿ. ನಿಂತಾಗ ಕಾಣದ ಎಷ್ಟೋ ಅಪಾಯಗಳು ಆಗ ಕಾಣುತ್ತವೆ. ನೋಡಬೇಕಾದವು ಇವು:

1. ತೊಟ್ಟಿ, ಸಂಪು, ಬಗ್ಗಡದ ಗುಂಡಿಗಳಿಗೆ ಮುಚ್ಚಳ, ಬೇಲಿ ಇವೆಯೇ?
2. ಹೊಂಡದ ಬೇಲಿ, ಹಗ್ಗ, ಟ್ಯೂಬು ಸರಿಯಾಗಿವೆಯೇ?
3. ನಮ್ಮದಾಗಲಿ, ನೆರೆಯವರದಾಗಲಿ, ತೆರೆದ ಕೊಳವೆ ಬಾವಿ ಇದೆಯೇ?
4. ಔಷಧಿಯ ಪೆಟ್ಟಿಗೆಗೆ ಬೀಗ ಬಿದ್ದಿದೆಯೇ?
5. ಸ್ಟಾರ್ಟರ್ ಪೆಟ್ಟಿಗೆ, ವೈರು, ಮೇವಿನ ಯಂತ್ರದ ಚಕ್ರ ಭದ್ರವಾಗಿವೆಯೇ?
6. ಒಲೆ, ಮಾಳಿಗೆ, ಏಣಿ ಮಗುವಿಗೆ ಎಟುಕದಂತಿವೆಯೇ?

ಒಂದು ಸುತ್ತಿಗೆ ಒಂದು ದೋಷವನ್ನಾದರೂ ಅಂದೇ ಸರಿಪಡಿಸಿರಿ. ವರ್ಷಕ್ಕೆ ಹನ್ನೆರಡು ಅಮಾವಾಸ್ಯೆಗಳು. ಹನ್ನೆರಡು ಅಪಾಯಗಳು ಕಡಿಮೆಯಾದಂತೆ. ಆಯುಧಪೂಜೆಗೆ ಯಂತ್ರಗಳನ್ನು ತೊಳೆಯುವಾಗ ಅವುಗಳ ಕವಚ, ಬೀಗಗಳನ್ನೂ ಪರೀಕ್ಷಿಸಿರಿ. ನೆರೆಯವರ ಕೊಳವೆ ಬಾವಿ ತೆರೆದಿದ್ದರೆ ಸಂಕೋಚ ಪಡದೆ ಹೇಳಿರಿ. ಕೇಳದಿದ್ದರೆ ಪಂಚಾಯಿತಿಗೆ ತಿಳಿಸಿರಿ. ಮಕ್ಕಳಿಗೆ ನಿಮ್ಮ ಹೊಲ, ಅವರ ಹೊಲ ಎಂಬ ಭೇದ ಗೊತ್ತಿರುವುದಿಲ್ಲ.

ಒಂದು ಬೆಳೆ ಹೋದರೆ ಮುಂದಿನ ಹಂಗಾಮಿಗೆ ಮತ್ತೆ ಬಿತ್ತಬಹುದು. ಮಗುವಿನ ವಿಷಯದಲ್ಲಿ ಎರಡನೆಯ ಹಂಗಾಮು ಎಂಬುದಿಲ್ಲ. ಬರುವ ಅಮಾವಾಸ್ಯೆಯವರೆಗೆ ಕಾಯದೆ, ಈ ಲೇಖನ ಓದಿ ಮುಗಿಸಿದೊಡನೆ ಎದ್ದು ಹಿತ್ತಲಿಗೆ ಹೋಗಿ, ನೀರು ತುಂಬಿರುವ ಬಕೆಟ್ಟೊಂದಿದ್ದರೆ ಬೋರಲು ಹಾಕಿ ಬನ್ನಿರಿ. ಉಳಿದ ಕೆಲಸ ಅಲ್ಲಿಂದ ಆರಂಭವಾಗಲಿ.